ಅಪ್ಪ ಅಮ್ಮ ಭೇಟಿಯಾದ ಊರು

ಮಗಳ ಮನೆಯಲ್ಲಿ ಇಪ್ಪತ್ತು ದಿನ ಇದ್ದು ಮೈಸೂರಿಗೆ ವಾಪಸ್ ಬಂದರೆ, ಗಿಡಗಳು ಬಾಡಿದ್ದವು, ಹಾಲಿನವನು ಮುನಿಸಿಕೊಂಡಿದ್ದ, ಕಂಪ್ಯೂಟರು ನನ್ನ ಗುರುತೇ ಇಲ್ಲ ಎಂದಿತು. ಮೊದಲೆರಡಕ್ಕೆ ನೀರು, ಮಾತು ಸಾಕಾದವು.

ಪಾಸ್‌ವರ್ಡು ನನಗೆ ಗೊತ್ತಿತ್ತು ಎಂದರೆ ಸುಳ್ಳಾದೀತು. ಗೊತ್ತಿದ್ದದ್ದು ಬೆರಳುಗಳಿಗೆ. ಇಷ್ಟು ವರ್ಷವೂ ಎಡಗೈಯಲ್ಲಿ ಕಾಫಿ ಲೋಟ ಇರುವಾಗಲೇ ಬಲಗೈ ತನ್ನ ಪಾಡಿಗೆ ಟಕಟಕ ಕುಟ್ಟಿ ಒಳಗೆ ಹೋಗಿಬಿಡುತ್ತಿತ್ತು. ಚುಕ್ಕಿ ರಂಗೋಲಿ ಹಾಕುತ್ತಿರುವವರ ಪಕ್ಕ ನಿಂತು 'ಎಷ್ಟು ಚುಕ್ಕಿ?' ಎಂದು ಕೇಳಿ ನೋಡಿ, ಕೈ ನಿಂತೇ ಹೋಗುತ್ತದೆ. ನನ್ನದೂ ಹಾಗೇ ಆಯಿತು. ಕ್ಯಾಪ್ಸ್ ಲಾಕ್ ನೋಡಿದೆ, ನಮ್ ಲಾಕ್ ನೋಡಿದೆ, ಕೀಬೋರ್ಡು ಕನ್ನಡಕ್ಕೆ ತಿರುಗಿದೆಯೋ ಎಂದು ನೋಡಿದೆ. ಕನ್ನಡಕವನ್ನೂ ಬದಲಿಸಿದೆ.

ಬೀದಿ ಕೊನೆಯ ಅಂಗಡಿಯ ಹುಡುಗ ಬಂದವನೇ, 'ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಅರ್ಧ ದಿನದ ಕೆಲಸ' ಎಂದ. ಒಳಗಿರುವ ಫೋಟೋಗಳು? 'ಅವು ಹೋಗ್ತವೆ ಸಾರ್.' ಕೀಲಿಕೈ ಕಳೆಯಿತೆಂದರೆ ಮನೆ ಕೆಡವಿ ಹೊಸದು ಕಟ್ಟಿಕೊಡುತ್ತೇನೆ ಎನ್ನುವ ಉತ್ಸಾಹ. ಪಾಸ್‌ವರ್ಡು ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆಯಲ್ಲಪ್ಪ, ಅದನ್ನೇ ಕೇಳಿ ಹೇಳು ಎಂದೆ. ಹಾಗೆ ಬರೋದಿಲ್ಲವಂತೆ. ಕಂಪ್ಯೂಟರು ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ, ಅರೆದು ಹಿಟ್ಟು ಮಾಡಿ ಇಡುತ್ತದೆ. ನಾವು ಕೊಟ್ಟದ್ದನ್ನೂ ಅರೆದು ನೋಡಿ, ಎರಡು ಹಿಟ್ಟೂ ಒಂದೇ ಆದರೆ ಬಾಗಿಲು ತೆಗೆಯುತ್ತದೆ. ಹಿಟ್ಟಿನಿಂದ ರಾಗಿ ಕಾಳು ವಾಪಸ್ ಬರುವುದಿಲ್ಲ.

ಹಿಂದೆ ಇಷ್ಟು ಬಿಗಿ ಇರಲಿಲ್ಲ. ಕಂಪ್ಯೂಟರಿಗೆ ಪಾಸ್‌ವರ್ಡು ತಂದವರು ಅಮೆರಿಕದ ಎಂಐಟಿಯ ಫರ್ನಾಂಡೊ ಕಾರ್ಬಟೋ, 1960ರ ದಶಕದ ಶುರುವಿನಲ್ಲಿ; ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳಬೇಕಿತ್ತು. 1962ರಲ್ಲೇ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನ್ನ ಪಾಲಿನ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಹಾಗೇ ಮುದ್ರಿಸಿಕೊಂಡುಬಿಟ್ಟ. ಅಂದರೆ ಬೀಗ ಬಂದ ಹಿಂದೆಯೇ ಕಳ್ಳನೂ ಬಂದ. ಕಾರ್ಬಟೋ ಅವರಂತೂ ವಯಸ್ಸಾದ ಮೇಲೆ, ತಮ್ಮ ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ ಎಂದು ಒಪ್ಪಿಕೊಂಡರು. ಅದನ್ನು ಓದಿದಂದಿನಿಂದ ನನಗೆ ಅವರ ಮೇಲೆ ಗೌರವ ಜಾಸ್ತಿ.

ಹುಡುಗ ಹೋದ ಮೇಲೆ ಕಣ್ಣಿಗೆ ಬಿತ್ತು: ತಪ್ಪು ಪಾಸ್‌ವರ್ಡು ಕೊಟ್ಟಾಗಲೆಲ್ಲ ಕೆಳಗೆ 'ರೀಸೆಟ್' ಎಂದು ಸಣ್ಣಗೆ ಮೂಡುತ್ತಿತ್ತು. ಒತ್ತಿದರೆ ಮೂರು ಪ್ರಶ್ನೆ. 2019ರಲ್ಲಿ ಈ ಕಂಪ್ಯೂಟರು ಕೊಂಡಾಗ ನಾನೇ ಉತ್ತರ ತುಂಬಿದ್ದೆನಂತೆ. ಮೂರೂ ಸರಿಯಾಗಬೇಕು.

ನೀವು ಸಾಕಿದ ಮೊದಲ ಪ್ರಾಣಿಯ ಹೆಸರು? ನಮ್ಮ ಹಟ್ಟಿಯ ಹಸು ಗೌರಿ. ಅವಳು ನಮ್ಮನ್ನು ಸಾಕಿದಳೋ ನಾವು ಅವಳನ್ನೋ, ಆ ಮಾತು ಬೇರೆ. ತೊಂದರೆ ಇಂಗ್ಲಿಷಿನದು. ಜಿ ಆದ ಮೇಲೆ ಎ-ಯು ಹಾಕಿದ್ದೆನೋ, ಒ-ಯು ಹಾಕಿದ್ದೆನೋ, ಒ-ಡಬ್ಲ್ಯು ಹಾಕಿದ್ದೆನೋ? ಕನ್ನಡದಲ್ಲಿ ಒಂದೇ ಔತ್ವಕ್ಕೆ ಮುಗಿಯುವ ಹಸು ಅಲ್ಲಿ ಮೂರಾಗಿ ನಿಂತಿತ್ತು. ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಕಿಟ್ಟಿ. ಕೊನೆಗೆ ಐ ಹಾಕಿದರೆ ನಾನು, ವೈ ಹಾಕಿದರೆ ಇಂಗ್ಲಿಷರ ಬೆಕ್ಕಿನ ಮರಿ. ಮೂರೆರಡಲ ಆರು.

ಮೂರನೆಯದು: ನಿಮ್ಮ ತಂದೆತಾಯಿ ಭೇಟಿಯಾದ ಊರು ಯಾವುದು?

ಈ ಪ್ರಶ್ನೆ ಬರೆದ ಪುಣ್ಯಾತ್ಮನಿಗೆ ಅಂತರಪಟ ಅಂದರೇನೆಂದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಹೆಣ್ಣುಗಂಡು ಭೇಟಿಯಾಗುತ್ತಿರಲಿಲ್ಲ, ಜಾತಕಗಳು ಭೇಟಿಯಾಗುತ್ತಿದ್ದವು. ಬೇರೆ ದಾರಿ ಕಾಣದೆ ಊರಿನಲ್ಲಿರುವ ಅಮ್ಮನಿಗೆ ಫೋನು ಮಾಡಿದೆ.

'ಅಮ್ಮಾ, ನೀನು ಅಪ್ಪನ್ನ ಮೊದಲು ನೋಡಿದ್ದು ಎಲ್ಲಿ?'

'ಈಗ್ಯಾಕೋ ಅದು?'

'ಕಂಪ್ಯೂಟರು ಕೇಳ್ತಾ ಇದೆ.'

'ಅದಕ್ಕೇನಂತೆ ನಮ್ಮನೆ ವಿಷಯ?' ಎಂದವಳು ತುಸು ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿದಳು. ಹೆಣ್ಣು ನೋಡಲು ಅಪ್ಪ ಬಂದದ್ದು ಸಾಗರಕ್ಕೆ, ಅದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮುಂಚೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ತುಂಗೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ ನಡುಗುತ್ತಾ ಕಳೆದುಹೋದ ಒಂದು ಚಪ್ಪಲಿ ಹುಡುಕುತ್ತಿದ್ದ ಹುಡುಗನನ್ನು ಅವಳು ನೋಡಿದ್ದಳು. 'ನಿಮ್ಮಪ್ಪನಿಗೆ ಕೊನೇವರೆಗೂ ಹೇಳಲಿಲ್ಲ ನೋಡು' ಎಂದು ನಕ್ಕಳು.

ಓಡಿಬಂದು ತೀರ್ಥಹಳ್ಳಿ ಎಂದು ಟೈಪಿಸಿದೆ. ತಪ್ಪು. ಸಾಗರ ಎಂದೆ. ತಪ್ಪು. ಆಗ ಹೊಳೆಯಿತು: ಅದಕ್ಕೆ ನಿಜ ಬೇಕಿರಲಿಲ್ಲ, ಅಂದು ನಾನು ಆತುರಕ್ಕೆ ಹೇಳಿದ್ದ ಸುಳ್ಳು ಬೇಕಿತ್ತು. ಮದುವೆ ನಡೆದದ್ದು ಶಿವಮೊಗ್ಗದಲ್ಲಿ. ಅದೂ ಆಗಲಿಲ್ಲ. 2014ರ ನವೆಂಬರ್ 1ರಂದೇ ಸರ್ಕಾರ ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದೇ ಬರೆಯಿರಿ ಎಂದಿತ್ತು. ಆ ಆದೇಶ 2019ಕ್ಕೂ ನನ್ನ ಬೆರಳಿಗೆ ತಲುಪಿರಲಿಲ್ಲವೇನೋ. ಹಳೆಯ 'ಶಿಮೊಗ' ಎಂದು ಹೊಡೆದೆ. ಒ-ಡಬ್ಲ್ಯು ಗೌರಿ, ಬೆಕ್ಕಿನ ಮರಿ, ಶಿಮೊಗ. ತೆರೆದುಕೊಂಡಿತು.

ಹೊಸ ಪಾಸ್‌ವರ್ಡನ್ನು ಕಾರ್ಬಟೋ ಅವರನ್ನು ನೆನೆದು, ಗೋಡೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಮನೆಯವರಲ್ಲಿ ಒಂದೇ ವಿನಂತಿ: ಯುಗಾದಿಗೆ ಹೊಸ ಪಂಚಾಂಗ ಬಂತೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ.