ಡಬ್ಬಿ ಒಡೆಯಲಾಗದ ಮೂವರು

ಪಿಯುಸಿ ಓದುವ ಹುಡುಗಿ ನೀಟ್ ಗೈಡಿನ ಮರೆಯಲ್ಲಿ ಕಿಸಕಿಸ ನಕ್ಕರೆ ಹೆತ್ತವರಿಗೆ ಬರುವ ಅನುಮಾನವೇ ಬೇರೆ. ಅಕ್ಕ ಮೊಬೈಲು ಹುಡುಕಿದಳು. ಮಗಳ ಕೈಲಿ ಸಿಕ್ಕಿದ್ದು ಜೆರೋಮ್ ಕೆ. ಜೆರೋಮನ 'ಥ್ರೀ ಮೆನ್ ಇನ್ ಎ ಬೋಟ್'. 1889ರದ್ದು!

ಅದರ ನಿರೂಪಕ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವೈದ್ಯಗ್ರಂಥ ತಿರುವಿಹಾಕಿ, ಮನೆಗೆಲಸದವರ ಮಂಡಿನೋವೊಂದನ್ನು ಬಿಟ್ಟು ಲೋಕದ ಸಕಲ ರೋಗಗಳೂ ತನಗಿವೆಯೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. "ಮಾಮ, ಗೂಗಲ್ ನೋಡಿ ಗಾಬರಿಯಾಗೋ ನೀನೇ ಅಲ್ವಾ ಇದು?" ಎಂದಳು ಸೊಸೆಮುದ್ದು. ನಾನು ಬಿ.ಪಿ. ಮೆಷಿನ್ನನ್ನು ಮೆಲ್ಲಗೆ ಬೀರುವಿಗೆ ಸೇರಿಸಿದೆ.

ಆಮೇಲೆ ಅನಾನಸ್ ಡಬ್ಬಿಯ ಪ್ರಸಂಗ. ದೋಣಿಯಲ್ಲಿ ಹೊರಟು ಓಪನರ್ ಮರೆತು ಬಂದ ಮೂವರು ಮಹಾಶಯರು ಚಾಕು, ಕತ್ತರಿ, ಕಲ್ಲು, ಕೊನೆಗೆ ದೋಣಿಯ ಕಂಬವನ್ನೇ ಎತ್ತಿ ಬಡಿದರೂ ಡಬ್ಬಿ ಬಾಯಿ ಬಿಡುವುದಿಲ್ಲ; ನದಿಪಾಲಾಗುತ್ತದೆ. ಇದನ್ನು ಓದುವಾಗ ಅಕ್ಕನೂ ಪಕ್ಕ ಕೂತಿದ್ದಳು, ಬೈಯುವುದನ್ನು ಮರೆತು.

ಮಜಾ ಏನೆಂದರೆ, ಜೆರೋಮ್ ಹೊರಟಿದ್ದು ಥೇಮ್ಸ್ ನದಿಯ ಗಂಭೀರ ಪ್ರವಾಸಕಥನ ಬರೆಯಲು. ಹಾಸ್ಯ ನುಗ್ಗಿ ಇತಿಹಾಸವನ್ನು ದಡಕ್ಕೆ ತಳ್ಳಿತು. ಈಗಲೂ ನಡುನಡುವೆ ರಾಜಮಹಾರಾಜರು ಇಣುಕುತ್ತಾರೆ. ಅಲ್ಲಿ ಪುಟ ಹಾರಿಸಿ, ಪಾಪವಿಲ್ಲ. ಬಸ್ಸಿನಲ್ಲಿ ಮಾತ್ರ ಓದಬೇಡಿ, ಪಕ್ಕದವರು ಸೀಟು ಬದಲಿಸಿಯಾರು.