ಎಣ್ಣೆ ಸೋರುತ್ತಿದ್ದರೆ ಚಿಂತೆಯಿಲ್ಲ

ಇಂಗ್ಲಿಷರು ಬಿಯರನ್ನು ತಣ್ಣಗೆ ಮಾಡದೆ ಏಕೆ ಕುಡಿಯುತ್ತಾರೆ? ಅವರ ಫ್ರಿಜ್ಜನ್ನೂ ಲ್ಯೂಕಾಸ್‌ನವರೇ ಮಾಡಿದ್ದು, ಅದಕ್ಕೆ. ಬರ್ಮಿಂಗ್‌ಹ್ಯಾಮಿನ ಈ ಲ್ಯೂಕಾಸ್ ದಶಕಗಟ್ಟಲೆ ಬ್ರಿಟನ್ನಿನ ಕಾರುಗಳಿಗೆ ದೀಪ, ಡೈನಮೊ, ಸ್ವಿಚ್ಚುಗಳನ್ನು ಒದಗಿಸಿತು. ಪ್ರತಿಯಾಗಿ ಹಳೆಯ ಕಾರಿನವರು ಅದರ ಮೂಲಪುರುಷನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದು ಕೊಟ್ಟರು. ಆತನ ಸ್ವಿಚ್ಚಿಗೆ ಮೂರೇ ಸ್ಥಾನವಂತೆ: ಮಂಕು, ಮಿಣುಕು, ಕತ್ತಲೆ. ಇದನ್ನೆಲ್ಲ ಹೇಳಿಕೊಂಡು ಹೊಟ್ಟೆ ಹಿಡಿದು ನಗುವವರು ಯಾರೋ ಹೊರಗಿನವರಲ್ಲ, ಅದೇ ಕಾರುಗಳಿಗೆ ಪಿಂಚಣಿ ಸುರಿದವರು.

ನಾನು ಕೆಲಸಕ್ಕೆಂದು ಬಂದು ನೆಲೆಯಾದ ಕೊವೆಂಟ್ರಿ ಇಂಥವರ ತವರು. ಜಾಗ್ವಾರ್, ಟ್ರಯಂಫ್ ಎರಡೂ ಇಲ್ಲೇ ತಯಾರಾಗುತ್ತಿದ್ದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರವೂ ಒಂದು ಹಸಿರು ಬಣ್ಣದ, ಎರಡೇ ಸೀಟಿನ, ಬಿಚ್ಚುಮಾಡಿನ ಕಾರಿದೆ. ಯಾವ ಕಂಪನಿಯದ್ದೆಂದು ಹೇಳಿದರೆ ಅವರಿಗೆ ಬೇಸರವಾದೀತು, ಬಿಡಿ. ಅದರ ಕೆಳಗೆ ಸದಾ ಒಂದು ತಗಡಿನ ತಟ್ಟೆ. ಎಣ್ಣೆ ಸೋರುವುದು ಅವರಿಗೆ ಚಿಂತೆಯೇ ಅಲ್ಲ. ಸೋರುವುದು ನಿಂತರೆ ಚಿಂತೆ, ಏಕೆಂದರೆ ಒಳಗೆ ಎಣ್ಣೆ ಮುಗಿದಿದೆ ಎಂದು ಅರ್ಥ.

ಕಾರನ್ನು ಅವರು ಬಾಯಿ ತುಂಬ ಬೈಯುತ್ತಾರೆ. ನಾವು ಮಾತ್ರ ಹೂಂಗುಟ್ಟಬಾರದು. ಮಗ ಶುದ್ಧ ದಂಡಪಿಂಡ ಎಂದು ತಾಯಿ ಗೊಣಗುವಾಗ ‘ಹೌದಮ್ಮ, ನಿಜ’ ಎಂದು ನೋಡಿ, ಆಮೇಲೆ ಆ ಮನೆಯಲ್ಲಿ ನಿಮಗೆ ಕಾಫಿ ಸಿಗುವುದಿಲ್ಲ. ಇದೂ ಹಾಗೆಯೇ. ನಾನೊಮ್ಮೆ ಲ್ಯೂಕಾಸ್ ಜೋಕಿಗೆ ತುಸು ಜೋರಾಗಿಯೇ ನಕ್ಕಿದ್ದಕ್ಕೆ ಮೇಷ್ಟ್ರು ಪಾಠಕ್ಕೆ ನಿಂತರು. ಕಾರಿನ ಕಂಪನಿಗಳು ಕಾಸಿಗೆ ಕಾಸು ಚೌಕಾಸಿ ಮಾಡಿ ಅಗ್ಗದ ಮಾಲು ಕೇಳಿದರೆ ಲ್ಯೂಕಾಸ್ ಏನು ಮಾಡೀತು? ಮಳೆಗೆ ಬಾಡಿ ತುಕ್ಕು ಹಿಡಿದು ಅರ್ಥಿಂಗ್ ಕೆಟ್ಟರೂ ಬೈಗುಳ ಮಾತ್ರ ದೀಪದವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವರಿಗೆ ವಿವರಿಸಿದೆ. ಬಹಳ ಮೆಚ್ಚಿಕೊಂಡರು.

ಹಾಗೆಂದು ಈ ಕಾರುಗಳಿಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. 1970ರಲ್ಲಿ ಬಂದ ಟ್ರಯಂಫ್ ಸ್ಟ್ಯಾಗ್ ನೋಡಲು ಸೊಗಸಾದ ಕಾರು. ಟ್ರಯಂಫ್ ಇದ್ದ ಬ್ರಿಟಿಷ್ ಲೇಲ್ಯಾಂಡ್ ಬಳಗದ್ದೇ ಆದ ರೋವರ್ ಬಳಿ 3.5 ಲೀಟರಿನ ಒಳ್ಳೆಯ ವಿ-8 ಎಂಜಿನ್ ತಯಾರಾಗಿಯೇ ಇತ್ತು. ಅದು ಬೇಡವೆಂದು ಟ್ರಯಂಫ್‌ನವರು ತಮ್ಮದೇ 3 ಲೀಟರಿನದನ್ನು ಹಾಕಿದರು, ಅದರ ನೀರಿನ ಪಂಪನ್ನು ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸಿದರು. ನೀರು ಸ್ವಲ್ಪ ಇಳಿದರೂ ಮೊದಲು ಒಣಗುವುದು ಪಂಪೇ. ಆಮೇಲೆ ಕುದಿಯುವುದು ಎಂಜಿನ್ನು, ಅದರ ಹಿಂದೆಯೇ ಮಾಲೀಕ.

ಎಂಜಿಬಿ ಎಂಬ ಇನ್ನೊಂದು ಬ್ರಿಟಿಷ್ ಕಾರಿನಲ್ಲಿ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುತ್ತದೆ. ಸದ್ದು ನಿಂತರೆ ಕಾರಿನ ಹಿಂಭಾಗದ ಕೆಳಗೆ ನುಸುಳಿ ಅದಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಒಳಗೆ ಅಂಟಿಕೊಂಡ ಪಾಯಿಂಟುಗಳು ಬಿಟ್ಟು ಮತ್ತೆ ಟಿಕ್ ಶುರು. ಟ್ರಯಂಫ್ ಸ್ಪಿಟ್‌ಫೈರ್‌ನದು ಇನ್ನೂ ಚೆಂದ: ಬಾನೆಟ್ಟು, ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಆರಾಮಾಗಿ ಕುಳಿತು ರಿಪೇರಿ ಮಾಡಬಹುದು. ವಿನ್ಯಾಸ ಮಾಡಿದವರಿಗೆ ಮುಂದಾಲೋಚನೆ ಇರಲಿಲ್ಲ ಎನ್ನುವವರು ಇದನ್ನು ನೋಡಬೇಕು.

ವಾದದಲ್ಲಿ ಸೋಲುವ ಹೊತ್ತಿಗೆ ಮೇಷ್ಟ್ರು 1961ರ ಮಾರ್ಚ್ ತಿಂಗಳನ್ನು ಹೊರತೆಗೆಯುತ್ತಾರೆ. ಜಿನೀವಾ ಮೇಳದಲ್ಲಿ ಜಾಗ್ವಾರ್ ಇ-ಟೈಪ್‌ನ ಮೊದಲ ಪ್ರದರ್ಶನ. ಓಡಿಸಿ ನೋಡಬೇಕೆನ್ನುವವರ ನೂಕುನುಗ್ಗಲಿಗೆ ಒಂದು ಕಾರು ಸಾಲದೆ ಕೊವೆಂಟ್ರಿಗೆ ಫೋನು ಬಂತು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಇನ್ನೊಂದು ಕಾರು ಹತ್ತಿ, ಕಡಲುಗಾಲುವೆ ದಾಟಿ, ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಜಿನೀವಾದಲ್ಲಿದ್ದ. ‘ಎಲ್ಲಾದರೂ ಕೈಕೊಟ್ಟಿತೆ?’ ಎಂದು ಮೇಷ್ಟ್ರು ತಾವೇ ಬಂದಿಳಿದವರಂತೆ ಕೇಳುತ್ತಾರೆ. ಆ ಒಂದು ರಾತ್ರಿಯ ಬಲದ ಮೇಲೆ ಎಷ್ಟು ಸಾವಿರ ಮಾಲೀಕರು ರಸ್ತೆ ಬದಿಯಲ್ಲಿ ಧೈರ್ಯವಾಗಿ ನಿಂತಿದ್ದಾರೋ!

ಸರ್ಕಾರವೂ ಇವರ ಪರ. ನಲವತ್ತು ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ, ವರ್ಷಾವರ್ಷದ ತಪಾಸಣೆಯೂ ಕಡ್ಡಾಯವಲ್ಲ. ಬಿಡಿಭಾಗಗಳಿಗಂತೂ ಕೊರತೆಯೇ ಇಲ್ಲ. ಎಂಜಿಬಿ ತಯಾರಿಕೆ 1980ರಲ್ಲೇ ನಿಂತರೂ ಅದಕ್ಕೆ ಹೊಸ ಬಾಡಿ ಕೂಡ ಮಾಡಿ ಮಾರುವವರಿದ್ದಾರೆ.

ಜಪಾನಿನವರು ಈ ಮೋಹವನ್ನು ಚೆನ್ನಾಗಿ ಓದಿಕೊಂಡರು. 1962ರ ಲೋಟಸ್ ಎಲಾನ್‌ನ ಜಾಡು ಹಿಡಿದು ಮಜ್ದಾ 1989ರಲ್ಲಿ ಎಂಎಕ್ಸ್-5 ತಂದಿತು. ಅದೇ ಎರಡು ಸೀಟು, ಅದೇ ಬಿಚ್ಚುಮಾಡು. ಸೋರಿಕೆಯನ್ನು ಮಾತ್ರ ಕೈಬಿಟ್ಟರು. ‘ನೀವೂ ಒಂದನ್ನು ಕೊಳ್ಳಬಹುದಲ್ಲ?’ ಎಂದೆ.

‘ಕೊಂಡು? ಭಾನುವಾರ ಪೂರ್ತಿ ಏನು ಮಾಡಲಿ?’

ಅವರ ಹೆಂಡತಿಯ ಹತ್ತಿರ ಇರುವುದು ಅದೇ ಮಜ್ದಾ. ಹಸಿರು ಕಾರು ನಮ್ಮಿಬ್ಬರನ್ನೂ ಹಳ್ಳಿದಾರಿಯಲ್ಲಿ ಇಳಿಸಿದಾಗೆಲ್ಲ ಆಕೆಯೇ ಬರುತ್ತಾರೆ. ಅದರಲ್ಲಿ ಖಾಲಿಯಿರುವುದು ಒಂದೇ ಸೀಟು. ಯಾರು ಹತ್ತಬೇಕೆಂದು ಈವರೆಗೆ ಚರ್ಚೆಯೇ ಆಗಿಲ್ಲ. ಮೇಷ್ಟ್ರು ಸುತ್ತಿಗೆ ಹಿಡಿದು ಕಾರಿನ ಕೆಳಗಿಂದಲೇ ನನಗೆ ಟಾಟಾ ಹೇಳುತ್ತಾರೆ.