ಬಾಯ್ಲರಿಗೆ ನಿವೃತ್ತಿ ಯಾವಾಗ?

ಮ್ಯಾಂಚೆಸ್ಟರಿನ ಕನ್ನಡಿಗರೊಬ್ಬರ ಮನೆಯ ಗ್ಯಾಸ್ ಬಾಯ್ಲರಿಗೆ ವಯಸ್ಸಾಗಿದೆ. ಬೆಳಗ್ಗೆ ಹೊತ್ತಿಕೊಳ್ಳುವ ಮುನ್ನ ಕೆಮ್ಮುತ್ತದೆ, ಗೊರಗೊರ ಎನ್ನುತ್ತದೆ. ಯಜಮಾನರು ಸ್ವೆಟರಿನ ಮೇಲೆ ಶಾಲು ಹೊದ್ದು ಅದರ ಯೋಗಕ್ಷೇಮ ವಿಚಾರಿಸುತ್ತಾರೆ.

ಹೀಟ್ ಪಂಪ್ ಹಾಕಿಸೋಣವೆಂದರೆ ಸರ್ಕಾರವೇ ಆಸೆ ಹುಟ್ಟಿಸಿದೆ: 2022ರಲ್ಲಿ 5,000 ಪೌಂಡ್ ಇದ್ದ ಸಹಾಯಧನ 2023ರ ಅಕ್ಟೋಬರಿನಲ್ಲಿ 7,500ಕ್ಕೇರಿತು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ! ಹಲ್ಲು ಕಟಕಟಿಸುವ ಹೊರಗಾಳಿಯಿಂದಲೂ ಬಿಸಿ ಹಿಂಡುವ ಯಂತ್ರದ ಮೇಲೆ ಅವರಿಗೆ ಭಕ್ತಿಯೇ ಹುಟ್ಟಿತು.

ಅಳತೆಗೆ ಬಂದವನು ಗೋಡೆ ತಟ್ಟಿ ನೋಡಿ, "ಕೆಲವು ರೇಡಿಯೇಟರ್ ದೊಡ್ಡದಾಗಬೇಕು, ಬಿಸಿನೀರಿನ ಟ್ಯಾಂಕಿಗೂ ಜಾಗ ಬೇಕು" ಎಂದ. ಹಳೆಯ ಕಾಂಬಿ ಬಾಯ್ಲರಿಗೆ ಟ್ಯಾಂಕಿನ ಗೊಡವೆಯೇ ಇರಲಿಲ್ಲ. ಈಗ ಜಾಗವಿದ್ದದ್ದು ಉಪ್ಪಿನಕಾಯಿ ಭರಣಿಗಳ ಕಪಾಟಿನಲ್ಲಿ ಮಾತ್ರ.

"ಭರಣಿ ಕದಲಿದರೆ ನೀವೂ ಕದಲಬೇಕಾಗುತ್ತೆ" ಎಂದು ಮನೆಯಾಕೆ ಹೇಳಿದ್ದೇ ತಡ, ಯಜಮಾನರು ರಿಪೇರಿಯವನಿಗೆ ಫೋನಾಯಿಸಿದರು.